ಬಾಟ್ಲಿಯ ಗೆರೆ

ದಿನಕ್ಕೆ ಒಂದು ಲೀಟರು, ಅಷ್ಟೇ ಅಂದರು ವೆನ್ಲಾಕಿನ ಡಾಕ್ಟರು.
ಚಾ ಕೂಡ ಲೆಕ್ಕ, ಗಂಜಿಯ ತಿಳಿ ಕೂಡ ಲೆಕ್ಕ,
ಮಾತ್ರೆ ನುಂಗುವ ಗುಟುಕೂ.
ಹೃದಯ ದೊಡ್ಡದಾಗಿದೆಯಂತೆ ಗುಲಾಬಿಯಕ್ಕನದ್ದು.
ನಾನು ಆಚೆ ತಿರುಗಿ ನಕ್ಕೆ;
ಮೂವತ್ತೊಂದು ವರ್ಷ ಜೊತೆಗಿದ್ದವಳು,
ನನಗೆ ಗೊತ್ತಿಲ್ಲವೇ ಅದರ ಅಳತೆ.

ಬೋಳಾರದ ಈ ಮನೆಗೆ ನಾನು ಬಂದ ವರ್ಷ
ತೆಂಗಿನೆಣ್ಣೆ ಬಾಟ್ಲಿಗೆ ಸುಣ್ಣದ ಬೆರಳಲ್ಲಿ ಗೆರೆ ಎಳೆದಿಡುತ್ತಿದ್ದಳು.
ತಮ್ಮನ ಹೆಂಡತಿ ತಲೆಗೆ ಎಷ್ಟು ಹಾಕುತ್ತಾಳೆ, ಬಾಣಲೆಗೆ ಎಷ್ಟು.
ಸಾವಿರ ಬೀಡಿಗೆ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಅಂತ
ಕಣ್ಣಲ್ಲೇ ತೂಗುವವಳಿಗೆ
ಇದೆಂತ ದೊಡ್ಡದು.

ಈಗ ಗೆರೆ ಎಳೆಯುವವಳು ನಾನು,
ಮಗಳ ಮಾರ್ಕರ್ ಪೆನ್ನಲ್ಲಿ, ಪ್ಲಾಸ್ಟಿಕ್ ಬಾಟ್ಲಿಯ ಮೈಗೆ:
ಹತ್ತು ಗಂಟೆಗೆ ಇಲ್ಲಿವರೆಗೆ, ಊಟಕ್ಕೆ ಇಲ್ಲಿವರೆಗೆ,
ದೀಪ ಹಚ್ಚುವ ಹೊತ್ತಿಗೆ ಇಲ್ಲಿ.
ಬೀಡಿಯ ಗೆರಸೆಯಲ್ಲಿ ಮಾತ್ರೆಗಳು.
ಎಲೆ ಕತ್ತರಿಸುವ ಕತ್ತರಿಯಲ್ಲೇ ಬಿಳಿಯದನ್ನು ಅರ್ಧ ಮಾಡುವುದು.
ಒಂದರ್ಧ ಹಾರಿ ಮಂಚದಡಿ ಹೋಯಿತು;
ಮೊಣಕಾಲೂರಿ ಹುಡುಕುವಾಗ ಮೇಲಿಂದ ಸ್ವರ:
"ಅರ್ಧ ಸರಿ ಇಲ್ಲ. ರಿಜೆಕ್ಟು.
ಬ್ರಾಂಚಿನಲ್ಲಿ ತಗೊಳ್ಳಲಿಕ್ಕಿಲ್ಲ."

ಮೇ ತಿಂಗಳು. ತುಂಬೆಯಲ್ಲಿ ತಳ ಕಂಡಿದೆಯೆಂದು
ದಿನ ಬಿಟ್ಟು ದಿನ ನಳ್ಳಿ.
ಸೆಖೆಗೆ ಗೋಡೆಯೂ ಬೆವರುತ್ತದೆ, ಫ್ಯಾನು ಬಿಸಿಯನ್ನೇ ಕಲಕುತ್ತದೆ.
ಕೊಡಪಾನ, ಹಂಡೆ, ಬಕೆಟ್ಟು,
ತುಂಬಿದ್ದೆಲ್ಲ ಬಾಯಿ ಮುಚ್ಚಿಕೊಂಡು ಕೂತಿವೆ
ಅವಳ ಗೋಡೆಯಾಚೆ.

"ಒಂತೆ ನೀರ್ ಕೊರ್ಲ," ಅನ್ನುತ್ತಾಳೆ.
ಒಂತೆ ಎಂದರೆ ಸ್ವಲ್ಪ.
ಇಷ್ಟು ವರ್ಷದಲ್ಲಿ ಆ ಬಾಯಿಂದ
ಅಂಥ ಲೆಕ್ಕವಿಲ್ಲದ ಪದ ನಾನು ಕೇಳಿದ್ದೇ ಇಲ್ಲ.
ಗಡಿಯಾರ ತೋರಿಸುತ್ತೇನೆ. ಗೆರೆ ತೋರಿಸುತ್ತೇನೆ.
ಪುನರ್ಪುಳಿಯ ಒಣಸಿಪ್ಪೆ ಒಂದು ಎಸಳು ನಾಲಿಗೆಗಿಡುತ್ತೇನೆ.
ಅವಳು ಗೋಡೆಗೆ ತಿರುಗುತ್ತಾಳೆ.

ಒಮ್ಮೊಮ್ಮೆ, ಸುಳ್ಳೇಕೆ,
ಇಲ್ಲ ಅನ್ನುವಾಗ ನನ್ನ ಸ್ವರಕ್ಕೆ ಸಣ್ಣದೊಂದು ರುಚಿ ಬರುತ್ತದೆ.
ಆಮೇಲೆ ಅಡುಗೆಮನೆಯಲ್ಲಿ
ನನಗೂ ನೀರು ಇಳಿಯುವುದಿಲ್ಲ.

ಮೊನ್ನೆ ರಾತ್ರಿ ಎಚ್ಚರವಾಯಿತು.
ಮುಖ ಒರೆಸುವ ಒದ್ದೆ ಬೈರಾಸಿನ ತುದಿಯನ್ನು
ಬಾಯಲ್ಲಿಟ್ಟು ಚೀಪುತ್ತಿದ್ದಳು, ಸದ್ದಾಗದಂತೆ.
ಬೀದಿದೀಪದ ಬೆಳಕಲ್ಲಿ ಕುತ್ತಿಗೆಯ ನರ
ಏಳುತ್ತಿತ್ತು, ಇಳಿಯುತ್ತಿತ್ತು.
ಬೈರಾಸಿನ ಒಂದು ಮೂಲೆಯಲ್ಲಿ ಎಷ್ಟು ಎಂ.ಎಲ್. ಹಿಡಿಯುತ್ತದೆ?
ಡಾಕ್ಟರು ಹೇಳಿರಲಿಲ್ಲ.
ಕಣ್ಣು ಮುಚ್ಚಿದೆ.

ಕಣ್ಣು ಮುಚ್ಚಿದರೆ ಆ ಎಣ್ಣೆ.
ತವರಿಗೆ ಹೋಗುವ ಹಿಂದಿನ ದಿನ
ಗೆರೆ ಮೀರಿ ಸುರಿದುಕೊಂಡಿದ್ದೆ ತಲೆಗೆ,
ಜಡೆ ಹೊಳೆಯಬೇಕಿತ್ತು ಅಮ್ಮನೆದುರು.
ರಾತ್ರಿಯಿಡೀ ಹೆದರಿ ಮಲಗಿದ್ದೆ.
ಬೆಳಿಗ್ಗೆ ನೋಡಿದರೆ ಸುಣ್ಣದ ಗೆರೆಯೇ ಕೆಳಗಿಳಿದು
ಎಣ್ಣೆಯ ಮಟ್ಟಕ್ಕೆ ಸರಿಯಾಗಿ ನಿಂತಿತ್ತು.
ಆ ಬಗ್ಗೆ ಅವಳೂ ಮಾತಾಡಲಿಲ್ಲ, ನಾನೂ.

ಬೆಳಿಗ್ಗೆ ತೂಕದ ಯಂತ್ರ ಹತ್ತಿಸಿದೆ: ಮುನ್ನೂರು ಗ್ರಾಂ ಹೆಚ್ಚು.
ಕಣಕಾಲು ಒತ್ತಿದೆ. ಹೆಬ್ಬೆರಳಿನ ಗುಳಿ ನಿಧಾನ ತುಂಬಿತು.
ಪುಸ್ತಕ ತೆರೆದಾಗ ಅವಳೇ ಅಂದಳು:
"ರಾತ್ರಿ ಎರಡು ಚಮಚ. ಬರೆ.
ಲೆಕ್ಕ ಲೆಕ್ಕವೇ ಮಾರಾಯ್ತಿ."
ಬರೆದೆ.

ಅಷ್ಟರಲ್ಲಿ ನಳ್ಳಿ ಕೆಮ್ಮಿತು,
ಮೊದಲು ಗಾಳಿ, ಮತ್ತೆ ಕೆಂಪು, ಆಮೇಲೆ ನೀರು.
ಕೊಡಪಾನ ಹಿಡಿದಿಟ್ಟು ಓಡಿ ಬಂದು
ಕುದಿಸಿ ಆರಿಸಿದ್ದನ್ನು ಇವತ್ತಿನ ಬಾಟ್ಲಿಗೆ ಹೊಯ್ದೆ,
ಮೇಲಿನ ಗೆರೆಯವರೆಗೆ.
ಅದರಿಂದ ಎರಡು ಚಮಚ ತೆಗೆದು
ಸಣ್ಣ ಪಿಂಗಾಣಿಯಲ್ಲಿ, ಮುಚ್ಚಿ,
ಮಂಚದ ಪಕ್ಕ ಇಟ್ಟೆ,
ಒಗೆದ ಬೈರಾಸಿನ ಜೊತೆ.